ಕುಗ್ಗುತ್ತಿರುವ ಮಾರುಕಟ್ಟೆ ಮತ್ತು ಶ್ರಾವಕನ ದಿಗ್ವ್ರತ

ಶ್ರಾವಕನು ಪಾಲಿಸಬೇಕಾದ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೂ ಒಂದು. ಹತ್ತು ದಿಕ್ಕುಗಳಲ್ಲಿಯೂ ಇಂತಿಷ್ಟು ದೂರದವರೆಗೆ ಮಾತ್ರ ಹೋಗುವೆನು, ಅದರೊಳಗೆ ಮಾತ್ರ ವ್ಯವಹರಿಸುವೆನು ಎಂದು ಗೃಹಸ್ಥನು ಬಾಳಿನ ಕೊನೆಯವರೆಗೆ ತನಗೆ ತಾನೇ ಎಲ್ಲೆ ಕಟ್ಟಿಕೊಳ್ಳುವುದು ಈ ವ್ರತದ ಸ್ವರೂಪ. ಸಮುದ್ರ, ನದಿ, ಅರಣ್ಯ, ಪರ್ವತ, ಜನಪದ ಮುಂತಾಗಿ ಎಲ್ಲರೂ ಬಲ್ಲ ಗುರುತುಗಳಿಂದ ಆ ಎಲ್ಲೆಯನ್ನು ನಿಶ್ಚಯಿಸಿಕೊಳ್ಳಬೇಕೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ತಿಳಿಸುತ್ತದೆ. ಎಲ್ಲೆಯ ಆಚೆಗಿನ ಲೋಕದ ಮಟ್ಟಿಗೆ ಆ ಗೃಹಸ್ಥನ ಅಣುವ್ರತಗಳು ಮಹಾವ್ರತಗಳಿಗೆ ಸಮಾನವಾಗುತ್ತವೆ; ಏಕೆಂದರೆ ಅಲ್ಲಿ ಅವನಿಂದ ಸ್ಥೂಲ ಪಾಪವಷ್ಟೇ ಅಲ್ಲದೆ ಸೂಕ್ಷ್ಮ ಪಾಪವೂ ನಡೆಯುವುದಿಲ್ಲ. ವ್ಯಾಪಾರಕ್ಕಾಗಿ ದೂರದೂರ ಸಂಚರಿಸುತ್ತಿದ್ದ ಸಮಾಜಕ್ಕೆ ಆಚಾರ್ಯರು ಇಂತಹ ವ್ರತವನ್ನು ಕೊಟ್ಟದ್ದು ಆಕಸ್ಮಿಕವೆನ್ನಲಾಗದು.

ಇಂದು ಒಂದು ವಿಲಕ್ಷಣ ಸನ್ನಿವೇಶ ಒದಗಿದೆ. ಯಾರೂ ವ್ರತ ಹಿಡಿಯದೆಯೇ ವ್ಯಾಪಾರದ ಎಲ್ಲೆಗಳು ಬಿಗಿಯಾಗುತ್ತಿವೆ. ಸುಂಕ, ನಿಷೇಧ, ಯುದ್ಧ, ರೋಗ ಇವು ಹಡಗುಗಳ ದಾರಿಯನ್ನು ಕಟ್ಟುತ್ತಿವೆ. ಜಗತ್ತು ತಾನಾಗಿ ಸಂಯಮದ ಕಡೆಗೆ ತಿರುಗಿದೆಯೆಂದು ಕೆಲವರು ಸಂತೋಷಪಡುವುದೂ ಉಂಟು. ಹೊರಗಿನಿಂದ ಬಂದ ತಡೆಯು ವ್ರತವಾಗಬಲ್ಲುದೇ? ಮಾರುಕಟ್ಟೆ ಕುಗ್ಗಿದಾಗ ಅದರ ಭಾರವನ್ನು ಹೊರಬೇಕಾದವರು ಯಾರು? ಈ ಎರಡು ಪ್ರಶ್ನೆಗಳನ್ನು ಶ್ರಾವಕಧರ್ಮದ ಬೆಳಕಿನಲ್ಲಿ ವಿಚಾರಿಸುವುದು ಅವಶ್ಯಕವಾಗಿದೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಭಾರತವು 1991ರ ಜುಲೈನಲ್ಲಿ ತನ್ನ ಆರ್ಥಿಕ ನೀತಿಯನ್ನು ಸಡಿಲಿಸಿತು. 1995ರ ಜನವರಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸ್ಥಾಪಿತವಾಯಿತು. 2001ರ ಡಿಸೆಂಬರಿನಲ್ಲಿ ಚೀನವು ಅದನ್ನು ಸೇರಿತು. ಜಗತ್ತಿನ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ರಫ್ತು ಆಮದುಗಳ ಮೊತ್ತವು 2008ರ ವೇಳೆಗೆ ಸುಮಾರು ಶೇಕಡಾ 60ಕ್ಕೆ ಮುಟ್ಟಿತ್ತು. ಆ ವರ್ಷದ ಹಣಕಾಸಿನ ಕುಸಿತದ ನಂತರ ಆ ಏರಿಕೆಯ ಓಟ ನಿಂತಿತು. ಅನಂತರ ಅದು ಇಳಿಯುತ್ತ ಏರುತ್ತ ಹೆಚ್ಚುಕಡಿಮೆ ಅಲ್ಲಿಯೇ ಸುಳಿದಾಡಿದೆ. ಇದಕ್ಕೆ ‘ಸ್ಲೋಬಲೈಸೇಷನ್’ ಎಂಬ ಹೆಸರು ಬಳಕೆಗೆ ಬಂದು, 2019ರಲ್ಲಿ ಲಂಡನ್ನಿನ ‘ದಿ ಎಕಾನಮಿಸ್ಟ್’ ವಾರಪತ್ರಿಕೆಯ ಮುಖಪುಟವನ್ನೂ ಏರಿತು. 2016ರಲ್ಲಿ ಬ್ರಿಟನ್ನಿನ ಜನ ಯುರೋಪಿನ ಒಕ್ಕೂಟದಿಂದ ಹೊರಬರಲು ಮತ ನೀಡಿದರು. 2018ರಲ್ಲಿ ಅಮೆರಿಕ ಚೀನಗಳ ನಡುವೆ ಸುಂಕದ ಸಮರ ಮೊದಲಾಯಿತು. 2019ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠವು ಸಾಕಷ್ಟು ಸದಸ್ಯರಿಲ್ಲದೆ ಕೆಲಸ ನಿಲ್ಲಿಸಿತು. 2020ರ ಮಹಾಮಾರಿ ಮತ್ತು 2022ರ ಯುಕ್ರೇನ್ ಯುದ್ಧಗಳು ಇದರ ಮೇಲೆ ಬಂದವು. ವ್ಯಾಪಾರ ನಿಂತುಹೋಗಿಲ್ಲ, ಆದರೆ ಅದು ಎಡೆಬಿಡದೆ ಬೆಳೆಯುತ್ತಲೇ ಹೋಗುವುದೆಂಬ ನಂಬಿಕೆ ಸಡಿಲವಾಗಿದೆ.

ಇದು ದೊಡ್ಡ ದೊಡ್ಡ ರಾಷ್ಟ್ರಗಳ ವಿಷಯ, ಸಾಮಾನ್ಯ ಗೃಹಸ್ಥನಿಗೆ ಸಂಬಂಧಿಸಿದ್ದಲ್ಲ ಎಂದು ಭಾವಿಸುವಂತಿಲ್ಲ. ಅಡುಗೆಮನೆಯ ಎಣ್ಣೆಯ ಡಬ್ಬಿಯೇ ಇದಕ್ಕೆ ಸಾಕ್ಷಿ. 1986ರಲ್ಲಿ ಆರಂಭವಾದ ಎಣ್ಣೆಕಾಳುಗಳ ತಂತ್ರಜ್ಞಾನ ಅಭಿಯಾನದ ಫಲವಾಗಿ 1990ರ ದಶಕದ ಮೊದಲಲ್ಲಿ ಭಾರತವು ಖಾದ್ಯ ತೈಲದಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿತ್ತು. ಆಮದು ಸಡಿಲವಾದ ಬಳಿಕ ಅಗ್ಗದ ತಾಳೆ ಎಣ್ಣೆ ಹರಿದುಬಂದಿತು. ದೇಶದಲ್ಲಿ ಬಳಕೆಯಾಗುವ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗವು ಹೊರಗಿನಿಂದಲೇ ಬರುವ ಸ್ಥಿತಿ ಉಂಟಾಯಿತು: ತಾಳೆ ಎಣ್ಣೆ ಇಂಡೋನೇಷ್ಯಾ ಮಲೇಷ್ಯಾಗಳಿಂದ, ಸೋಯಾ ಎಣ್ಣೆ ಅರ್ಜೆಂಟೀನಾ ಬ್ರೆಜಿಲ್‌ಗಳಿಂದ, ಸೂರ್ಯಕಾಂತಿ ಎಣ್ಣೆ ಯುಕ್ರೇನ್ ರಷ್ಯಾಗಳಿಂದ. 2022ರ ಫೆಬ್ರುವರಿ 24ರಂದು ಯುದ್ಧ ಆರಂಭವಾಯಿತು. ಕೆಲವೇ ದಿನಗಳಲ್ಲಿ ಕರ್ನಾಟಕದ ಕಿರಾಣಿ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ಏಪ್ರಿಲ್ 28ರಂದು ಇಂಡೋನೇಷ್ಯಾ ಸರ್ಕಾರವು ತನ್ನ ಜನರಿಗೇ ಎಣ್ಣೆ ದುಬಾರಿಯಾಯಿತೆಂದು ತಾಳೆ ಎಣ್ಣೆಯ ರಫ್ತನ್ನು ನಿಲ್ಲಿಸಿ, ಮೇ 23ರಂದು ಆ ನಿಷೇಧವನ್ನು ಹಿಂತೆಗೆದುಕೊಂಡಿತು. ಕಪ್ಪು ಸಮುದ್ರದ ಬಂದರೊಂದು ಮುಚ್ಚಿದರೆ ಚಳ್ಳಕೆರೆಯ ಮನೆಯೊಂದರಲ್ಲಿ ಒಗ್ಗರಣೆಯ ಎಣ್ಣೆಯನ್ನು ಅಳೆದು ಹಾಕಬೇಕಾಗುತ್ತದೆ.

ಜೈನಧರ್ಮವು ದೂರದ ವ್ಯಾಪಾರವನ್ನೇ ನಿಂದಿಸುತ್ತದೆಯೆಂದು ಯಾರೂ ತಿಳಿಯಬಾರದು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಐವತ್ತು ವರ್ಷಗಳಿಗೂ ಮೀರಿ ಆಳಿದ ಚೆನ್ನಭೈರಾದೇವಿಯು ಜೈನಧರ್ಮೀಯಳು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದು ಕರೆದರು. ಆಕೆಯ ಸೀಮೆಯ ಕಾಳುಮೆಣಸು ಸಾಗರವನ್ನು ದಾಟಿ ಹೋಗುತ್ತಿತ್ತು. ತಮ್ಮ ರಹದಾರಿ ಇಲ್ಲದ ಹಡಗು ಸಮುದ್ರದಲ್ಲಿ ಸಂಚರಿಸಬಾರದೆಂದು ಅದೇ ಪೋರ್ಚುಗೀಸರು ಬಲವಂತ ಮಾಡುತ್ತಿದ್ದರು. ಆದುದರಿಂದ ತೆರೆದ ವ್ಯಾಪಾರವೂ ಹೊಸತಲ್ಲ, ಅಧಿಕಾರಬಲದಿಂದ ಅದನ್ನು ಕಟ್ಟಿಹಾಕುವುದೂ ಹೊಸತಲ್ಲ. ದಿಗ್ವ್ರತವು ಈ ಎರಡಕ್ಕಿಂತ ಭಿನ್ನವಾದುದು. ಅದರಲ್ಲಿ ಎಲ್ಲೆಯನ್ನು ಹಾಕುವವನೂ ಅದನ್ನು ಪಾಲಿಸುವವನೂ ಒಬ್ಬನೇ.

ಇಲ್ಲಿಯೇ ಮೊದಲನೆಯ ಪ್ರಶ್ನೆಗೆ ಉತ್ತರವಿದೆ. ದಿಗ್ವ್ರತದ ಎಲ್ಲೆಯನ್ನು ನಿಯತಕಾಲದವರೆಗೆ ಇನ್ನೂ ಕಿರಿದುಗೊಳಿಸುವ ವ್ರತಕ್ಕೆ ದೇಶವ್ರತವೆಂದೂ ದೇಶಾವಕಾಶಿಕವೆಂದೂ ಹೆಸರು. ತತ್ತ್ವಾರ್ಥಸೂತ್ರವು ಈ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೊದಲು ಆನಯನವನ್ನು, ಅನಂತರ ಪ್ರೇಷ್ಯಪ್ರಯೋಗವನ್ನು ಹೆಸರಿಸುತ್ತದೆ. ತಾನು ಎಲ್ಲೆಯೊಳಗೆ ಕುಳಿತು ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತಾನು ಹೋಗದೆ ಆಳನ್ನು ಕಳುಹಿಸಿ ಕಾರ್ಯ ಸಾಧಿಸುವುದು ಪ್ರೇಷ್ಯಪ್ರಯೋಗ. ಕಾಲು ಕದಲದಿದ್ದರೂ ಆಸೆ ಸಂಚರಿಸಬಲ್ಲುದೆಂಬುದನ್ನು ಸೂತ್ರಕಾರರು ಚೆನ್ನಾಗಿ ಬಲ್ಲವರಾಗಿದ್ದರು. ಇಂದಿನ ರಾಷ್ಟ್ರಗಳ ನಡತೆಯಲ್ಲಿ ಇದೇ ದೋಷವು ದೊಡ್ಡದಾಗಿ ಕಾಣುತ್ತದೆ. ಅಮೆರಿಕವು ಚೀನದ ಸರಕಿನ ಮೇಲೆ ಸುಂಕ ಹೇರಿದ ಮೇಲೆ ವಿಯೆಟ್ನಾಂ ಮತ್ತು ಮೆಕ್ಸಿಕೋಗಳಿಂದ ಅದಕ್ಕೆ ಹೋಗುವ ಸರಕು ಹೆಚ್ಚಿತು. ಆ ಸರಕಿನೊಳಗಿನ ಬಿಡಿಭಾಗಗಳಲ್ಲಿ ಚೀನದವು ಬಹಳ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಜೋಡಿಸಲ್ಪಡುವ ಮೊಬೈಲ್ ಫೋನಿನ ಅನೇಕ ಭಾಗಗಳೂ ಸಾಗರವನ್ನು ದಾಟಿಯೇ ಬರುತ್ತವೆ. ಬೇಲಿ ಬಂದಿದೆ, ಬಯಕೆ ಕುಂದಿಲ್ಲ. ಕೊಳ್ಳಲು ಸಿಗದ ವಸ್ತುವನ್ನು ಬಿಟ್ಟವನು ತ್ಯಾಗಿಯೆನಿಸುವುದಿಲ್ಲ. ಆದರೆ ಸಿಗದಿರುವ ಕಾಲವು ಬಿಡುವುದನ್ನು ಕಲಿಯಲು ತಕ್ಕ ಕಾಲವಾಗಬಹುದು. ಆ ಕಲಿಕೆ ನಡೆಯುವುದೋ ಇಲ್ಲವೋ ಎಂಬುದು ಬಂದರಿನಲ್ಲಿ ನಿರ್ಣಯವಾಗದು; ಅಂಗಡಿಯಲ್ಲಿಯೂ ಮನೆಯಲ್ಲಿಯೂ ನಿರ್ಣಯವಾಗುತ್ತದೆ.

ಅಂಗಡಿಯ ವಿಚಾರವನ್ನೇ ಮೊದಲು ತೆಗೆದುಕೊಳ್ಳಬಹುದು. ಜಿಲ್ಲಾಕೇಂದ್ರವೊಂದರ ಎಣ್ಣೆ ವರ್ತಕನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅವನ ಗೋದಾಮಿನಲ್ಲಿ ಒಂದಕ್ಕೆ 2,200 ರೂಪಾಯಿಯಂತೆ ಕೊಂಡ 200 ಟಿನ್ನುಗಳಿವೆ. ಮಾಮೂಲು ಮಾರಾಟ ದರ 2,260. ಯುದ್ಧದ ಸುದ್ದಿ ಬಂದೊಡನೆ ಹೊಸ ಖರೀದಿ ದರ 2,700 ಆಯಿತು. ಹಳೆಯ ದರಕ್ಕೇ ಎಲ್ಲವನ್ನೂ ಮಾರಿದರೆ ಕೈಗೆ ಬರುವುದು 4,52,000 ರೂಪಾಯಿ. ಅದರಲ್ಲಿ ಹೊಸ ಟಿನ್ನುಗಳು ಬರುವುದು 167 ಮಾತ್ರ. ಪ್ರಾಮಾಣಿಕನಾದ ವರ್ತಕನ ವ್ಯಾಪಾರ ಒಂದೇ ಸುತ್ತಿನಲ್ಲಿ 33 ಟಿನ್ನುಗಳಷ್ಟು ಸೊರಗುತ್ತದೆ. ಆದುದರಿಂದ ಹಳೆಯ ದಾಸ್ತಾನನ್ನು ಹೊಸ ದರಕ್ಕೆ ಮಾರುವವನನ್ನೆಲ್ಲ ಲೋಭಿಯೆಂದು ಜರೆಯುವುದು ನ್ಯಾಯವಲ್ಲ. ಬಂಡವಾಳವನ್ನು ಉಳಿಸಿಕೊಳ್ಳುವುದೂ ಗೃಹಸ್ಥನ ಕರ್ತವ್ಯವೇ.

ಆದರೆ ಈ ಸಮರ್ಥನೆಗೆ ಒಂದು ಪರೀಕ್ಷೆಯಿದೆ. ಮುಂದೆ ದರ ಇಳಿದು, ಹೊಸ ಖರೀದಿಯು ಮತ್ತೆ 2,200ಕ್ಕೆ ಬಂದಾಗ, 2,700ಕ್ಕೆ ಕೊಂಡ ಟಿನ್ನುಗಳನ್ನು ಆ ವರ್ತಕನು ಅದೇ ದಿನ ಇಳಿದ ದರಕ್ಕೆ ಮಾರುವನೇ? ಏರುವಾಗ ಹೊಸ ದರ, ಇಳಿಯುವಾಗ ಹಳೆಯ ದರ ಎಂದಾದರೆ ಅವನು ಹೇಳಿದ ಬಂಡವಾಳದ ನ್ಯಾಯವು ಬರಿಯ ನೆವವಾಗುತ್ತದೆ. 2022ರ ಜುಲೈನಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಎಣ್ಣೆಯ ದರ ಇಳಿದಿದ್ದರೂ ಚಿಲ್ಲರೆ ಬೆಲೆಯನ್ನು ಇಳಿಸಿರೆಂದು ಕೇಂದ್ರ ಸರ್ಕಾರವೇ ಕಂಪನಿಗಳಿಗೆ ಸೂಚಿಸಬೇಕಾಗಿ ಬಂತು. ಬೆಲೆ ಏರಿಸಲು ಯಾವ ಸೂಚನೆಯೂ ಬೇಕಾಗಿರಲಿಲ್ಲ.

ಇನ್ನು, ಗೋದಾಮಿಗೆ ಬೀಗ ಹಾಕಿ ‘ಸರಕಿಲ್ಲ’ ಎಂದು ಹೇಳಿ ಇನ್ನಷ್ಟು ಏರಲೆಂದು ಕಾಯುವವನ ಮಾತು ಬೇರೆ. ಅವನಿಗೆ ಬಂಡವಾಳದ ನೆವವೂ ಇಲ್ಲ. ಅವನು ಆಡಿದ್ದು ಸುಳ್ಳು, ಪೋಷಿಸಿದ್ದು ಲೋಭಕಷಾಯ. ಆಹಾರ ಪಾನೀಯಗಳನ್ನು ತಡೆಹಿಡಿಯುವ ಅನ್ನಪಾನನಿರೋಧವನ್ನು ಸೂತ್ರಕಾರರು ಅಹಿಂಸಾಣುವ್ರತದ ಅತಿಚಾರಗಳಲ್ಲಿಯೇ ಎಣಿಸಿದ್ದಾರೆ. ಕಟ್ಟಿಹಾಕಿದ ಪಶುವಿಗೆ ಮೇವು ನೀರು ಕೊಡದಿರುವುದು ಅದರ ನೇರವಾದ ಅರ್ಥ. ನೆರೆಹೊರೆಯವರ ಅಡುಗೆಯ ಅವಶ್ಯಕತೆಯನ್ನು ಬೀಗದೊಳಗೆ ಇಟ್ಟುಕೊಂಡವನು ಆ ದೋಷದಿಂದ ಬಹಳ ದೂರವಿಲ್ಲ.

ಅಸ್ತೇಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಮತ್ತು ಪ್ರತಿರೂಪಕವ್ಯವಹಾರ ಎಂಬ ಎರಡಿವೆ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು ಮೊದಲನೆಯದು. ಒಂದು ವಸ್ತುವನ್ನು ಇನ್ನೊಂದರಂತೆ ತೋರಿಸಿ ಮಾರುವುದು ಎರಡನೆಯದು. ಸುಂಕಗಳು ಏರಿದ ಕಾಲದಲ್ಲಿ ಈ ಎರಡೂ ಒಂದಾಗಿ ಬರುತ್ತವೆ. ಒಂದು ದೇಶದ ಸರಕನ್ನು ಮತ್ತೊಂದು ದೇಶದ ಬಂದರಿನಲ್ಲಿ ಇಳಿಸಿ, ಚೀಟಿ ಬದಲಿಸಿ, ಮೂಲದೇಶದ ಪ್ರಮಾಣಪತ್ರವನ್ನು ಬೇರೆ ಮಾಡಿಸುವುದು. ಬಿಲ್ಲಿನಲ್ಲಿ ಬೆಲೆಯನ್ನು ತಗ್ಗಿಸಿ ಬರೆಯುವುದು. ಇವುಗಳನ್ನು ‘ವ್ಯವಹಾರ ಚಾತುರ್ಯ’ವೆಂದು ಕೆಲವರು ಹೊಗಳುತ್ತಾರೆ. ಸುಂಕವು ಅನ್ಯಾಯದ್ದೇ ಆಗಿದ್ದರೂ ಅದನ್ನು ಸುಳ್ಳು ಕಾಗದದಿಂದ ದಾಟುವುದು ಶ್ರಾವಕನಿಗೆ ಸಲ್ಲದು. ಅನ್ಯಾಯದ ಕಟ್ಟಳೆಯನ್ನು ಬಹಿರಂಗವಾಗಿ ಆಕ್ಷೇಪಿಸುವ ದಾರಿ ಅವನಿಗೆ ತೆರೆದಿದೆ.

ಎರಡನೆಯ ಪ್ರಶ್ನೆ ಭಾರವನ್ನು ಹೊರುವವರದು. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಅನೇಕ ಸರಕುಗಳ ಮೇಲೆ ವಿಧಿಸಿದ ಸುಂಕವು ಎರಡು ಹಂತಗಳಲ್ಲಿ ಶೇಕಡಾ 50ಕ್ಕೆ ಏರಿತು. ಅದರ ಪೆಟ್ಟು ತಗುಲಿದ ಉದ್ಯಮಗಳಲ್ಲಿ ವಜ್ರದ್ದೂ ಒಂದು. ಜಗತ್ತಿನ ವಜ್ರಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಹೊಳಪು ಪಡೆಯುವುದು ಭಾರತದಲ್ಲಿ, ಮುಖ್ಯವಾಗಿ ಸೂರತ್ ನಗರದಲ್ಲಿ. ಪಾಲನಪುರದ ಜೈನ ವರ್ತಕರು ಮುಂಬಯಿಯಿಂದ ಆಂಟ್‌ವರ್ಪ್‌ವರೆಗೆ ಈ ವ್ಯಾಪಾರದಲ್ಲಿ ಹೆಸರಾದವರು. ಆದುದರಿಂದ ಈ ವಿಷಯವು ಜೈನ ಸಮಾಜಕ್ಕೆ ಹೊರಗಿನದಲ್ಲ. ವಜ್ರ ಉಜ್ಜುವ ಕುಶಲಕರ್ಮಿಗಳಲ್ಲಿ ಬಹುಮಂದಿಗೆ ಕೂಲಿ ಕಲ್ಲಿನ ಲೆಕ್ಕದಲ್ಲಿ ಸಲ್ಲುತ್ತದೆ. ಕಲ್ಲು ಬಾರದಿದ್ದರೆ ಕೂಲಿಯೂ ಇಲ್ಲ. ಮಾರುಕಟ್ಟೆ ಹಿಗ್ಗಿದ ವರ್ಷಗಳಲ್ಲಿ ಲಾಭವು ಮಾಲೀಕನ ಖಾತೆಗೆ ಜಮೆಯಾಗಿ, ಕುಗ್ಗಿದ ವರ್ಷದಲ್ಲಿ ನಷ್ಟವು ಕರ್ಮಿಯ ಖಾತೆಗೆ ಖರ್ಚಾದರೆ, ಆ ಲೆಕ್ಕಪುಸ್ತಕದಲ್ಲಿ ಜಮಾಖರ್ಚು ತಾಳೆಯಾದರೂ ಧರ್ಮವು ತಾಳೆಯಾಗದು. ಆಶ್ರಿತರ ಅನ್ನವನ್ನು ತಪ್ಪಿಸಬಾರದೆಂಬ ನಿಯಮವು ಸುಗ್ಗಿಯ ಕಾಲಕ್ಕಾಗಿ ಹುಟ್ಟಿದ್ದಲ್ಲ. ಹಿಂದಿನ ಲಾಭದ ಒಂದು ಪಾಲನ್ನು ಕಷ್ಟಕಾಲದ ಕೂಲಿಗಾಗಿ ತೆಗೆದಿಡುವುದು ಪರಿಗ್ರಹಪರಿಮಾಣದ ಸಹಜವಾದ ವಿನಿಯೋಗ.

ರಾಷ್ಟ್ರಗಳ ಮಟ್ಟದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. 2022ರ ಮಾರ್ಚಿನ ತೀವ್ರ ಬಿಸಿಲಿನಿಂದ ಗೋಧಿಯ ಬೆಳೆ ಕುಂದಿದಾಗ ಭಾರತವು ಮೇ 13ರಂದು ಗೋಧಿಯ ರಫ್ತನ್ನು ನಿಷೇಧಿಸಿತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತನ್ನು ನಿಲ್ಲಿಸಿ, 2024ರ ಸೆಪ್ಟೆಂಬರ್ 28ರಂದು ಅದನ್ನು ಪುನಃ ತೆರೆಯಿತು. ಜಗತ್ತಿನ ಅಕ್ಕಿಯ ವ್ಯಾಪಾರದಲ್ಲಿ ಭಾರತದ ಪಾಲು ಸುಮಾರು ಶೇಕಡಾ 40. ನಿಷೇಧದ ಬೆನ್ನಿಗೇ, 2023ರ ಆಗಸ್ಟ್‌ನಲ್ಲಿ, ಅಕ್ಕಿಯ ಅಂತರರಾಷ್ಟ್ರೀಯ ಬೆಲೆಯು ಹದಿನೈದು ವರ್ಷಗಳಲ್ಲಿಯೇ ಅತ್ಯಧಿಕ ಮಟ್ಟಕ್ಕೆ ಏರಿತು. ಭಾರತದ ಅಕ್ಕಿಯನ್ನು ನೆಚ್ಚಿಕೊಂಡ ಪಶ್ಚಿಮ ಆಫ್ರಿಕದ ಬಡ ಕುಟುಂಬಗಳು ಇದರ ಬಿಸಿಯನ್ನು ಅನುಭವಿಸಿದವು.

ಈ ನಿಷೇಧವನ್ನು ಅನ್ನಪಾನನಿರೋಧವೆನ್ನಬಹುದೇ? ಅನೇಕಾಂತದ ದೃಷ್ಟಿಯಿಂದ ನೋಡುವವನು ಅವಸರದ ತೀರ್ಪು ಕೊಡುವುದಿಲ್ಲ. ತನ್ನ ಪ್ರಜೆಗಳ ಹಸಿವನ್ನು ಮೊದಲು ನೋಡುವುದು ರಾಜ್ಯದ ಧರ್ಮ. ಅಗತ್ಯವಿದ್ದ ರಾಷ್ಟ್ರಗಳಿಗೆ ಸರ್ಕಾರದ ಮುಖಾಂತರ ಅಕ್ಕಿ ಕಳುಹಿಸಲು ಆ ಆಜ್ಞೆಯಲ್ಲಿ ಅವಕಾಶವೂ ಇತ್ತು. ಇಂಡೋನೇಷ್ಯಾ ಎಣ್ಣೆಯನ್ನು ತಡೆದದ್ದೂ ತನ್ನ ಜನರ ಹಿತಕ್ಕಾಗಿಯೇ. ಆದರೆ ಎಣ್ಣೆ ತಡೆದ ಇಂಡೋನೇಷ್ಯಾವನ್ನು ದೂರಿದ ನಾಲಗೆಯೇ ಅಕ್ಕಿ ತಡೆದ ಭಾರತವನ್ನು ಕೊಂಡಾಡಿದರೆ ಅದು ಏಕಾಂತವಾಗುತ್ತದೆ. ತನಗೆ ಒಪ್ಪುವ ನ್ಯಾಯವನ್ನು ಇನ್ನೊಬ್ಬನಿಗೂ ಒಪ್ಪಿಸುವುದೇ ಇಲ್ಲಿ ಸಮ್ಯಕ್ ದೃಷ್ಟಿ. ತಡೆಯು ಅನಿವಾರ್ಯವಾದರೂ, ದೀರ್ಘಕಾಲ ತನ್ನನ್ನು ನೆಚ್ಚಿದವನಿಗೆ ಮುನ್ಸೂಚನೆಯಿಲ್ಲದೆ ಬಾಗಿಲು ಮುಚ್ಚುವುದು ನೋವಿನ ಕಾರ್ಯವೆಂಬ ಅರಿವಾದರೂ ಇರಬೇಕು.

ಅದೇ ಜುಲೈ ತಿಂಗಳಲ್ಲಿ ಅಮೆರಿಕದ ನಗರಗಳಲ್ಲಿ ಒಂದು ದೃಶ್ಯ ಕಂಡುಬಂತು. ರಾಯಚೂರು ಕೊಪ್ಪಳಗಳ ಗದ್ದೆಗಳಲ್ಲಿಯೂ ಬೆಳೆಯುವ ಸೋನಾಮಸೂರಿ ಅಕ್ಕಿ ಇನ್ನು ದೊರೆಯದೆಂಬ ಸುದ್ದಿ ಹಬ್ಬಿ, ಭಾರತೀಯ ಕುಟುಂಬಗಳು ಅಂಗಡಿಗಳಿಗೆ ಧಾವಿಸಿದವು. ಕೆಲವರು ಹಲವು ಚೀಲಗಳನ್ನು ಬಂಡಿಗೆ ಹೇರಿದರು. ಕೆಲವು ಅಂಗಡಿಗಳು ಒಬ್ಬರಿಗೆ ಒಂದೇ ಚೀಲವೆಂದು ನಿಯಮ ಮಾಡಬೇಕಾಯಿತು. ಅವರಾರೂ ಹಸಿದವರಲ್ಲ, ಇತರ ಧಾನ್ಯಗಳಿಗೆ ಅಲ್ಲಿ ಬರವೂ ಇರಲಿಲ್ಲ. ಕೊರತೆಯ ಸುದ್ದಿಯೇ ಕೊರತೆಯನ್ನು ಹುಟ್ಟಿಸಿತು. ಒಬ್ಬನ ಮನೆಯ ಐದನೆಯ ಚೀಲವು ಬೇರೊಬ್ಬನ ಮನೆಯ ಮೊದಲನೆಯ ಚೀಲವಾಗಿತ್ತು ಎಂಬ ಲೆಕ್ಕವನ್ನು ಪರಿಗ್ರಹಪರಿಮಾಣ ವ್ರತವು ಬಹಳ ಹಿಂದೆಯೇ ಕಲಿಸಿಕೊಟ್ಟಿದೆ.

ದೂರದ ವ್ಯಾಪಾರ ಕುಗ್ಗಿದರೆ ಹಿಂಸೆಯೂ ಕುಗ್ಗುವುದಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಒಂದು ಅಂಶ ಸತ್ಯವಿದೆ. ಕೃತ, ಕಾರಿತ, ಅನುಮೋದಿತ ಎಂದು ಕರ್ಮವು ಮೂರು ಬಗೆಯಲ್ಲಿ ಆತ್ಮನನ್ನು ಬಂಧಿಸುತ್ತದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮಡಿದರು; ಅವರು ಹೊಲಿಯುತ್ತಿದ್ದ ಉಡುಪುಗಳನ್ನು ತೊಡುತ್ತಿದ್ದವರಿಗೆ ಅವರ ಇರವೇ ತಿಳಿದಿರಲಿಲ್ಲ. ದೂರವು ಕಾರಿತವನ್ನೂ ಅನುಮೋದಿತವನ್ನೂ ಮರೆಮಾಡುತ್ತದೆ. ಆದರೆ ಅದೇ ಉಡುಪಿನ ಉದ್ಯಮವು ಆ ದೇಶದ ಲಕ್ಷಾಂತರ ಬಡ ಹೆಣ್ಣುಮಕ್ಕಳಿಗೆ ಮೊದಲ ಸಂಪಾದನೆಯನ್ನು ಕೊಟ್ಟದ್ದೂ ನಿಜ. ಅದು ನಿಂತರೆ ಅವರು ಸುಖಿಗಳಾಗುವುದಿಲ್ಲ. ಹತ್ತಿರದಲ್ಲಿ ತಯಾರಾದುದೆಲ್ಲ ನಿರ್ದೋಷವೆಂಬುದೂ ಭ್ರಮೆ; ಊರ ಹೊರಗಿನ ಇಟ್ಟಿಗೆ ಗೂಡಿನಲ್ಲಿ ದುಡಿಯುವವರ ಬಾಳನ್ನು ಕಂಡವರು ಇದನ್ನು ಬಲ್ಲರು. ಹತ್ತಿರದ ವ್ಯಾಪಾರಕ್ಕಿರುವ ಹಿರಿಮೆ ಒಂದೇ: ಅಲ್ಲಿ ‘ನೋಡಲಿಲ್ಲ’ ಎಂಬ ಮಾತಿಗೆ ಅವಕಾಶ ಕಡಿಮೆ.

ಗೃಹಸ್ಥರು ಈ ಕಾಲವನ್ನು ವ್ರತವಾಗಿ ಮಾರ್ಪಡಿಸಿಕೊಳ್ಳಲು ಕೆಲವು ಸುಲಭ ದಾರಿಗಳಿವೆ. ಭೋಗೋಪಭೋಗಪರಿಮಾಣವು ಚಾತುರ್ಮಾಸದಲ್ಲಿ ಹಸಿರು ತರಕಾರಿಗಳ ಎಣಿಕೆಗೆ ಮಾತ್ರ ಸೀಮಿತವಾಗಬೇಕಿಲ್ಲ. ತಿಂಗಳಿಗೆ ಇಷ್ಟೇ ಎಣ್ಣೆ, ವರ್ಷಕ್ಕೆ ಇಷ್ಟೇ ಹೊಸ ಬಟ್ಟೆ, ಹಳೆಯ ಫೋನು ಕೆಡುವವರೆಗೆ ಹೊಸತಿಲ್ಲ ಎಂದು ಕುಟುಂಬದವರೆಲ್ಲ ಕೂಡಿ ನಿಯಮ ಮಾಡಿಕೊಳ್ಳಬಹುದು. ಮನೆಯಲ್ಲಿ ಕುಳಿತು ಬೆರಳ ತುದಿಯಿಂದ ಸರಕು ತರಿಸುವ ಈ ದಿನಗಳಲ್ಲಿ ವಾರಕ್ಕೆ ಒಂದು ದಿನವಾದರೂ ಆನಯನದೋಷವಿಲ್ಲದ ದೇಶವ್ರತವನ್ನು ಪಾಲಿಸಬಹುದು. ಬೆಲೆ ಏರಿದ ಮೇಲೆ ಕಡಿಮೆ ಕೊಳ್ಳುವುದು ಲೆಕ್ಕಾಚಾರ. ಬೆಲೆ ಇಳಿದ ಮೇಲೂ ಅಷ್ಟನ್ನೇ ಕೊಳ್ಳುವುದು ವ್ರತ.

ಬಸದಿಗಳ ವಿಶ್ವಸ್ತ ಮಂಡಳಿಗಳ ಹೊಣೆ ಇನ್ನೂ ಹಿರಿದು. ವ್ಯಾಪಾರ ಕುಗ್ಗಿದಾಗ ಕಲಶದ ಸವಾಲಿನ ಮೊತ್ತವೂ ಇಳಿಯುತ್ತದೆ. ಆಗ ಯಾವ ವೆಚ್ಚವನ್ನು ಮೊದಲು ಕಡಿತಗೊಳಿಸಬೇಕೆಂಬುದು ಮಂಡಳಿಯ ಪರೀಕ್ಷೆ. ವಿದ್ಯುದ್ದೀಪಗಳ ಸಾಲನ್ನೂ ಶಾಮಿಯಾನವನ್ನೂ ಕಿರಿದು ಮಾಡಿದರೆ ಪೂಜೆಗೆ ಕುಂದಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಮೊಟಕು ಮಾಡಿದರೆ ಧರ್ಮಕ್ಕೇ ಕುಂದು. ಅಭಿಷೇಕಕ್ಕೆ ಹೊರದೇಶದ ದುಬಾರಿ ಕೇಸರಿಯೇ ಬೇಕೆಂಬ ಹಟವನ್ನು ಬಿಟ್ಟು ಉಳಿಸಿದ ಹಣದಿಂದ, ಕೆಲಸ ಕಳೆದುಕೊಂಡ ಒಂದು ಕುಟುಂಬಕ್ಕೆ ಬಡ್ಡಿಯಿಲ್ಲದ ಸಾಲವನ್ನು ಕೊಡಬಹುದು. ವಿದ್ಯಾರ್ಥಿನಿಲಯದ ಒಬ್ಬ ಬಡ ಹುಡುಗನ ಊಟವನ್ನು ಮುಂದುವರಿಸಬಹುದು. ದೀಪದ ಎಣ್ಣೆಯನ್ನು ಊರಿನ ಗಾಣದಿಂದ ಕೊಂಡರೆ ನಾಲ್ಕು ಕಾಸು ಹೆಚ್ಚಾಗಬಹುದು. ಆ ಕಾಸು ಸೇರುವುದು ಗುರುತಿನ ಕೈಗೆ.

ಬಂದರುಗಳು ಇಂದು ಮುಚ್ಚಿ ನಾಳೆ ತೆರೆಯಬಹುದು. 2022ರಲ್ಲಿ ಎಣ್ಣೆಯ ದಾರಿ ಮುಚ್ಚಿ ತೆರೆಯಿತು. 2023ರಲ್ಲಿ ಮುಚ್ಚಿದ ಅಕ್ಕಿಯ ದಾರಿ 2024ರಲ್ಲಿ ತೆರೆಯಿತು. ಸುಂಕಗಳು ಏರಿದಂತೆ ಇಳಿಯಲೂಬಹುದು. ಪರರು ಹಾಕಿದ ಎಲ್ಲೆಯನ್ನು ಪರರೇ ತೆಗೆಯುತ್ತಾರೆ. ಆಗ ಅದರೊಳಗೆ ಇದ್ದವನ ಆಸೆಯು ಕಟ್ಟು ಹರಿದ ಕೆರೆಯಂತೆ ಹೊರಡುತ್ತದೆ. ತಾನೇ ಹಾಕಿಕೊಂಡ ಎಲ್ಲೆಯನ್ನು ಬೇರಾರೂ ತೆಗೆಯಲಾರರು. ಮಾರುಕಟ್ಟೆ ಮತ್ತೆ ಹಿಗ್ಗಿದ ದಿನ, ಕೈಯಲ್ಲಿ ಹಣವಿದ್ದು ಬಾಗಿಲಲ್ಲಿ ಸರಕಿದ್ದು ‘ಇಷ್ಟು ಸಾಕು’ ಎನ್ನಬಲ್ಲ ಗೃಹಸ್ಥನು ಈ ಕಷ್ಟಕಾಲದಿಂದ ಲಾಭ ಪಡೆದವನು. ಆ ಲಾಭಕ್ಕೆ ಯಾವ ರಾಜ್ಯವೂ ಸುಂಕ ಹಾಕಲಾರದು.